ಕರೆಂಟ್ ಅಂಗಿ ಮತ್ತು ಹಿಂದಿನ ಸೀಟು

ಚಳಿಗಾಲ ಬಂತೆಂದರೆ ನಮ್ಮ ಮನೆಯಲ್ಲಿ ಅಂಗಿಯನ್ನು ಚಾರ್ಜಿಗೆ ಹಾಕುತ್ತಾರೆ. ಹಾಕುತ್ತಾರೆ ಎಂದರೆ ಹಾಕುವವನು ನಾನೇ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಊಟ ಮುಗಿಸಿ, ಒಂದು ತಟ್ಟೆ ಒಂದು ಲೋಟ ತೊಳೆದು ಬೋರಲು ಹಾಕಿ, ಮೊಬೈಲನ್ನು ಒಂದು ಪ್ಲಗ್ಗಿಗೆ, ಅಂಗಿಯ ಬ್ಯಾಟರಿಯನ್ನು ಇನ್ನೊಂದು ಪ್ಲಗ್ಗಿಗೆ ಸಿಕ್ಕಿಸುತ್ತೇನೆ. ಅಷ್ಟಾದರೆ ನನ್ನ ಸಂಸಾರದ ಕೆಲಸ ಮುಗಿದ ಹಾಗೆ.

ನಗಬೇಡಿ. ಇದು ನಿಜವಾದ ಅಂಗಿಯೇ. ತೋಳಿಲ್ಲದ ಕಪ್ಪು ಕೋಟು, ಒಳಗೆ ಎದೆಗೆ, ಬೆನ್ನಿಗೆ, ಸೊಂಟದ ಎರಡೂ ಪಕ್ಕಕ್ಕೆ ತೆಳುವಾದ ಶಾಖದ ಪಟ್ಟಿಗಳು. ಎದೆಯ ಮೇಲಿನ ಗುಂಡಿ ಒತ್ತಿದರೆ ಕೆಂಪು ದೀಪ ಹತ್ತಿ ಜೋರು ಶಾಖ; ಇನ್ನೊಮ್ಮೆ ಒತ್ತಿದರೆ ಬಿಳಿ ದೀಪ, ಮಧ್ಯಮ; ಮತ್ತೊಮ್ಮೆ ಒತ್ತಿದರೆ ನೀಲಿ, ಸಣ್ಣಗೆ. ಗ್ಯಾಸ್ ಒಲೆಯ ತಿರುಪನ್ನು ಎದೆಗೆ ಹೊಲಿದುಕೊಂಡ ಹಾಗೆ. ಇಟ್ಟಿಗಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಇದನ್ನು ಹಾಕಿಕೊಂಡು ಹೋದ ಮೊದಲ ದಿನ ಸ್ಟಾಫ್ ರೂಮಿನಲ್ಲಿ ಡ್ರಿಲ್ ಮೇಷ್ಟ್ರು, "ಸರ್ ಹತ್ರ ಯಾರೂ ಹೋಗಬ್ಯಾಡ್ರಿ, ಶಾಕ್ ಹೊಡಿತಾರ" ಎಂದರು. ಅಂದಿನಿಂದ ಅದಕ್ಕೆ ಕರೆಂಟ್ ಅಂಗಿ ಎಂದೇ ಹೆಸರಾಯಿತು.

ನಮ್ಮ ಸೀಮೆಯಲ್ಲಿ ಚಳಿಯೇ ಇಲ್ಲವೆಂದು ಹೊರಗಿನವರು ತಿಳಿದಿದ್ದಾರೆ. ಮಧ್ಯಾಹ್ನ ಬಂದು ಬೆವರು ಒರೆಸಿಕೊಂಡು ಹೋಗುವವರ ಮಾತು ಅದು. ಡಿಸೆಂಬರಿನಲ್ಲಿ ಬೆಳಿಗ್ಗೆ ಆರಕ್ಕೆ ನನ್ನ ಹಾಗೆ ಕೊಟ್ಟೂರಿನಿಂದ ಬೈಕು ಹತ್ತಿ ಇಟ್ಟಿಗಿಯ ದಾರಿ ಹಿಡಿದು ನೋಡಲಿ. ಊರು ದಾಟುವ ಮುಂಚೆ ಮಂಡಕ್ಕಿ ಭಟ್ಟಿಯ ಮುಂದೆ ಬೆಚ್ಚನೆಯ ಗಾಳಿ ಒಂದು ಉಸಿರಿನಷ್ಟು ಹೊತ್ತು ಮುಖಕ್ಕೆ ಬಡಿಯುತ್ತದೆ, ಅಷ್ಟೇ. ಅಲ್ಲಿಂದಾಚೆ ಬಯಲು, ಎರೆ ಹೊಲ, ಅಡ್ಡಕ್ಕೆ ಒಂದು ಮರವಿಲ್ಲ. ಗಾಳಿ ಅಂಗಿಯ ಗುಂಡಿಗಳ ಸಂದಿಯನ್ನೇ ಹುಡುಕಿಕೊಂಡು ಬರುತ್ತದೆ. ಹತ್ತನೇ ಕ್ಲಾಸಿನವರಿಗೆ ಏಳು ಗಂಟೆಗೆ ಸ್ಪೆಷಲ್ ಕ್ಲಾಸ್ ಇರುವುದರಿಂದ ಸೂರ್ಯನಿಗಾಗಿ ಕಾಯುವ ಹಾಗಿಲ್ಲ.

ಹದಿನಾರು ವರ್ಷ ಈ ದಾರಿಯಲ್ಲಿ ನನ್ನ ಹಿಂದಿನ ಸೀಟಿನಲ್ಲಿ ಕನ್ನಡದ ಮೇಷ್ಟ್ರು ಕೊಟ್ರೇಶಪ್ಪ ಇದ್ದರು. ನನಗಿಂತ ಏಳೆಂಟು ವರ್ಷ ದೊಡ್ಡವರು. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ; 'ಸೈನ್ಸು' ಎನ್ನುತ್ತಿದ್ದರು, ಇಲ್ಲವೇ ಬರೀ 'ಲೇ'. ಅವರಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಕಲಿಯಲು ಒಮ್ಮೆ ಹೋಗಿ ಯಾರದೋ ಹುಲ್ಲಿನ ಬಣವೆಗೆ ನುಗ್ಗಿಸಿ, "ಇದು ನಮಗೆ ಒಗ್ಗಂಗಿಲ್ಲ" ಎಂದು ಅಲ್ಲಿಗೇ ಬಿಟ್ಟವರು.

ಚಳಿಗಾಲಕ್ಕೆ ನಮ್ಮಿಬ್ಬರದೊಂದು ಪದ್ಧತಿ ಇತ್ತು. ಅವರು ಬಸ್ ಸ್ಟ್ಯಾಂಡ್ ಎದುರಿನ ಚಾದಂಗಡಿಯ ಮುಂದೆ ಪೇಪರು ಹಿಡಿದು ನಿಂತಿರುತ್ತಿದ್ದರು. ನಾನು ಹೋದ ಕೂಡಲೇ ಆ ಪೇಪರನ್ನು ನಾಲ್ಕು ಮಡಿಕೆ ಮಾಡಿ, ನನ್ನ ವಿಂಡ್‌ಚೀಟರಿನ ಜಿಪ್ ಇಳಿಸಿ, ಸ್ವೆಟರಿನ ಮೇಲೆ ಎದೆಗೆ ಸರಿಯಾಗಿ ಹೊಂದಿಸಿ ಮತ್ತೆ ಜಿಪ್ ಏರಿಸುತ್ತಿದ್ದರು. ಮಗನನ್ನು ಶಾಲೆಗೆ ಕಳಿಸುವವರ ಹಾಗೆ ಎದೆಯ ಮೇಲೆ ಎರಡು ಸಲ ತಟ್ಟುವುದು ಬೇರೆ. ಹತ್ತಿ ಕುಳಿತ ಮೇಲೆ ತಮ್ಮ ಎರಡೂ ಕೈಗಳನ್ನು ನನ್ನ ವಿಂಡ್‌ಚೀಟರಿನ ಜೇಬಿಗೆ ಇಳಿಬಿಡುತ್ತಿದ್ದರು. ಅವರ ಕೈಗೆ ನನ್ನ ಜೇಬು, ನನ್ನ ಬೆನ್ನಿಗೆ ಅವರ ಎದೆ. ಶಾಲೆ ಮುಟ್ಟಿದ ಮೇಲೆ ಪೇಪರು ತೆಗೆದು, "ಸುದ್ದಿ ಬಿಸಿ ಐತಿ" ಎನ್ನುತ್ತಾ ಓದಲು ಕೂರುತ್ತಿದ್ದರು. ಈ ಒಂದೇ ನಗೆಮಾತನ್ನು ಹದಿನಾರು ಚಳಿಗಾಲ ಹೇಳಿದರು.

ದಾರಿಯುದ್ದಕ್ಕೂ ಅವರು ಕತೆ ಹೇಳುತ್ತಿದ್ದರು. ಈಗ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹೆಲ್ಮೆಟ್ ಒಳಗೆ, ಅರವತ್ತರ ವೇಗದಲ್ಲಿ, ಆ ಗಾಳಿಯಲ್ಲಿ ನನಗೆ ಅರ್ಧ ಮಾತೂ ಕೇಳಿಸುತ್ತಿರಲಿಲ್ಲ. ಅವರು ನಿಲ್ಲಿಸಿದರೆಂದು ಅನ್ನಿಸಿದ ಕಡೆ "ಹೌದ್ರಾ!" ಎನ್ನುತ್ತಿದ್ದೆ, ದನಿ ಏರಿದ ಕಡೆ ನಗುತ್ತಿದ್ದೆ. ಅವರಪ್ಪ ಎಮ್ಮೆ ಮಾರಲು ಹಗರಿಬೊಮ್ಮನಹಳ್ಳಿ ಸಂತೆಗೆ ಹೋದ ಕತೆಯನ್ನು ವರ್ಷಕ್ಕೊಮ್ಮೆಯಾದರೂ ಹೇಳಿದ್ದಾರೆ. ಅದು ಸಂತೆ ಮುಟ್ಟುವಷ್ಟರಲ್ಲಿ ಯಾವುದಾದರೂ ಲಾರಿ ಎದುರಾಗಿ ಹಾರ್ನ್ ಹೊಡೆಯುತ್ತಿತ್ತು. ಆ ಎಮ್ಮೆಗೆ ಕೊನೆಗೆ ಏನಾಯಿತೆಂದು ನನಗೆ ಗೊತ್ತೇ ಇರಲಿಲ್ಲ. ಆದರೂ ಪ್ರತಿಸಲ ಹೊಟ್ಟೆ ಹಿಡಿದುಕೊಂಡವನಂತೆ ನಕ್ಕಿದ್ದೇನೆ.

ಹೋದ ವರ್ಷ, ಕಾರ್ತೀಕ ಮುಗಿದ ಹೊಸದರಲ್ಲಿ, ಒಂದು ಬೆಳಿಗ್ಗೆ ನನಗೆ ನೆಗಡಿ ಹಿಡಿದಿತ್ತು. ಮೂಗು ಕಟ್ಟಿದವನಿಗೆ ಲೋಕವೇ ವೈರಿ. ಚಾದಂಗಡಿ ಮುಂದೆ ಅಂದು ನಾನೇ ಹತ್ತು ನಿಮಿಷ ಕಾದ ಮೇಲೆ ಕೊಟ್ರೇಶಪ್ಪ ಆರಾಮವಾಗಿ ಬಂದರು, ಪೇಪರು ಮಡಚಿದರು, ನನ್ನ ಎದೆಗಿಟ್ಟು ಹತ್ತಿ ಕುಳಿತರು, ಕೈಗಳನ್ನು ಜೇಬಿಗೆ ಇಳಿಬಿಟ್ಟರು. ನನ್ನ ಬಾಯಿ ಆಗ ಕೆಟ್ಟಿತು.

"ಮುಂದ ಕುಂತು ಗಾಳಿ ತಿನ್ನೋನು ನಾನು. ನೀವು ನನ್ನ ಬೆನ್ನಿನ ಮರೆಗೆ ಬೆಚ್ಚಗ ಕುಂತು ಕತಿ ಹೇಳ್ಕೋತ ಬರ್ತೀರಿ. ಹದಿನಾರು ವರ್ಷ ಹೊತ್ತೀನಿ, ಇನ್ನಾದ್ರೂ ಟೈಮಿಗೆ ಬರ್ರಿ" ಎಂದೆ.

ಮೆಲ್ಲಗೆ ಅಂದಿದ್ದರೆ ಗಾಳಿಗೆ ಹೋಗುತ್ತಿತ್ತು. ಗಾಡಿ ಇನ್ನೂ ಹೊರಟಿರಲಿಲ್ಲ, ಚಾ ಕುಡಿಯುತ್ತಿದ್ದ ಐದಾರು ಮಂದಿ ತಿರುಗಿ ನೋಡಿದರು. ಕೊಟ್ರೇಶಪ್ಪ ಜೇಬಿನಿಂದ ಒಂದೊಂದಾಗಿ ಎರಡೂ ಕೈ ತೆಗೆದರು. ಇಳಿದು ಮುಂದೆ ಬಂದು ನಿಂತರು.

"ಆತ್ರಿ ಸರ್. ಇನ್ನ ಹೊರಬ್ಯಾಡ್ರಿ" ಎಂದರು.

ಹದಿನಾರು ವರ್ಷದಲ್ಲಿ ಮೊದಲ ಸಲ ಅವರು ನನ್ನನ್ನು ಸರ್ ಎಂದದ್ದು. ಆ ದಿನ ಅವರು ಬಸ್ಸಿಗೆ ಬಂದರು. ಮಾರನೆಯ ದಿನವೂ ಬಸ್ಸಿಗೇ ಬಂದರು. ಸ್ಟಾಫ್ ರೂಮಿನಲ್ಲಿ "ಸರ್, ಸ್ವಲ್ಪ ಚಾಕ್‌ಪೀಸ್ ಕೊಡ್ರಿ" ಎಂದು ಕೇಳಿದರೆ ನನಗೆ ಯಾರೋ ಇನ್‌ಸ್ಪೆಕ್ಟರು ಕೇಳಿದ ಹಾಗಾಗುತ್ತಿತ್ತು. ಜನವರಿ ಕೊನೆಗೆ ಅವರ ನಿವೃತ್ತಿ. ಅಷ್ಟರೊಳಗೆ ಮಾತು ಸರಿಹೋಗದಿದ್ದರೆ ಇಷ್ಟು ವರ್ಷದ ಜೊತೆ ಹೀಗೇ, ಚಾಕ್‌ಪೀಸಿನಲ್ಲಿ, ಮುಗಿದುಹೋಗುತ್ತಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದೇನೆಂದರೆ ಕರೆಂಟ್ ಅಂಗಿ ಹುಡುಕಿದ್ದು.

ಮೊದಲು ಪೇಪರನ್ನು ನಾನೇ ಕೊಂಡು ನಾನೇ ಎದೆಗೆ ತುರುಕಿಕೊಂಡು ನೋಡಿದೆ. ತನಗೆ ತಾನೇ ತುರುಕಿಕೊಂಡ ಪೇಪರು ನಿಲ್ಲುವುದಿಲ್ಲ. ಊರು ದಾಟುವಷ್ಟರಲ್ಲಿ ಜಾರಿ ಹೊಟ್ಟೆಗೆ ಬಂದಿರುತ್ತದೆ. ಮುಂದಿನ ಚಳಿ ಹೇಗೋ ತಡೆಯಬಹುದಿತ್ತು. ಬೆನ್ನಿಗೆ ಚಳಿಯಾಗುತ್ತದೆಂದು ಮಾತ್ರ ನನಗೆ ಅಲ್ಲಿಯವರೆಗೆ ತಿಳಿದೇ ಇರಲಿಲ್ಲ. ಅವರು ನನ್ನ ಮರೆಯಲ್ಲಿ ಬೆಚ್ಚಗಿದ್ದರೆಂದು ಕೂಗಾಡಿದವನು ನಾನು. ನಾನೂ ಅವರಿಂದಲೇ ಬೆಚ್ಚಗಿದ್ದೆ.

ಆದರೆ ಹಟ ಎಂಬುದೊಂದು ಇರುತ್ತದಲ್ಲ. ಯಾರ ಹಂಗೂ ಬೇಡ, ನನ್ನ ಶಾಖ ನಾನೇ ಮಾಡಿಕೊಳ್ಳುತ್ತೇನೆ ಎಂದು ಮೊಬೈಲಿನಲ್ಲಿ ಹುಡುಕಿದೆ. ಬೆಟ್ಟದ ಸೀಮೆಯಲ್ಲಿ ಗಾಡಿ ಓಡಿಸುವವರಿಗೆ ಇಂಥ ಬಟ್ಟೆ ಬರುತ್ತದೆಂದು ಗೊತ್ತಾಯಿತು. ಕೆಲವನ್ನು ಗಾಡಿಯ ಬ್ಯಾಟರಿಗೇ ವೈರು ಕೊಟ್ಟು ಉರಿಸಬೇಕು. ಕೆಲವಕ್ಕೆ ಜೇಬಿನಲ್ಲೇ ಪುಟ್ಟ ಬ್ಯಾಟರಿ. ಮೊದಲನೆಯದೇ ಗಟ್ಟಿ ಎನಿಸಿ, ಗಾಡಿಗಳ ಕರೆಂಟ್ ಕೆಲಸ ಮಾಡುವ ಬಾಷಾನನ್ನು ಕೇಳಿದೆ. ಅವನು ನನ್ನ ಹಳೆಯ ಗಾಡಿಯ ಸುತ್ತ ಒಂದು ಸುತ್ತು ಬಂದ.

"ಸರ್, ನಿಮ್ ಗಾಡಿ ಹಾರ್ನ್ ಹೊಡಿಯಾಕ ಉಸಿರು ಹಿಡಿತೈತಿ. ಅದರ ಹತ್ರ ನಿಮ್ಮನ್ನ ಬೆಚ್ಚಗ ಇಡೋವಷ್ಟು ಕರೆಂಟ್ ಎಲ್ಲೈತ್ರೀ? ದೊಡ್ಡ ಗಾಡಿಗಾದ್ರ ಸರಿ. ಇದಕ್ಕ ಹಚ್ಚಿದ್ರಿ ಅಂದ್ರ ನಾಕು ದಿನಕ್ಕ ಬ್ಯಾಟ್ರಿ ಖಲಾಸ್. ಬ್ಯಾರೆ ಬ್ಯಾಟ್ರಿದು ತರಿಸ್ರಿ" ಎಂದ.

ತರಿಸಿದೆ. ಒಳಗೆ ಎರಡು ಸ್ವೆಟರು ಹಿಡಿಯಲೆಂದು ಒಂದು ಅಳತೆ ದೊಡ್ಡದನ್ನೇ ತರಿಸಿದೆ. ಬನಿಯನ್, ಅಂಗಿ, ಸ್ವೆಟರು, ಅದರ ಮೇಲೆ ಇನ್ನೊಂದು ಸ್ವೆಟರು, ಎಲ್ಲಕ್ಕಿಂತ ಮೇಲೆ ಕರೆಂಟ್ ಅಂಗಿ. ಕೆಂಪು ದೀಪ ಹಚ್ಚಿಕೊಂಡು ಹೊರಟೆ. ಇಟ್ಟಿಗಿ ಮುಟ್ಟುವಷ್ಟರಲ್ಲಿ ಹಲ್ಲು ಕಟಕಟ. ಮೋಸದ ಮಾಲು ಎಂದು ಬೈದುಕೊಂಡು ಸಂಜೆ ಬಾಷಾನ ಮುಂದೆ ಹೋಗಿ ನಿಂತೆ. ಅವನು ಕೈಯಿಟ್ಟು ನೋಡಿದ.

"ಅಂಗಿ ಸುಡತೈತಲ್ರಿ ಸರ್! ನೀವು ಹೊಲಕ್ಕ, ಎಮ್ಮಿಗೆ, ರೋಡಿಗೆ ಶಾಖ ಕೊಟ್ಗೋತ ಹೋಗೀರಿ. ಇದು ಮೈಗೆ ಹತ್ತಿ ಇರಬೇಕ್ರೀ. ತೆಳ್ಳನ ಅಂಗಿ, ಮ್ಯಾಲೆ ಇದು, ಅದರ ಮ್ಯಾಲೆ ಸ್ವೆಟರು, ಗಾಳಿಗೆ ವಿಂಡ್‌ಚೀಟರು. ಇಷ್ಟು ಸಡ್ಲ ಆಗಬಾರದು" ಎಂದು ಸೊಂಟದ ಪಟ್ಟಿ ಎಳೆದು ಬಿಗಿದ.

ಇಪ್ಪತ್ತಾರು ವರ್ಷ ಉಷ್ಣದ ವಹನ, ಸಂವಹನ, ವಿಕಿರಣ ಎಂದು ಬೋರ್ಡಿನ ಮೇಲೆ ಬರೆದವನು ನಾನು. ಉಣ್ಣೆ ಶಾಖವನ್ನು ಹೊರಗೂ ಬಿಡುವುದಿಲ್ಲ, ಒಳಗೂ ಬಿಡುವುದಿಲ್ಲ ಎಂದು ಮಕ್ಕಳಿಗೆ ಒಂದು ಅಂಕದ ಪ್ರಶ್ನೆಯನ್ನೇ ಕೊಟ್ಟಿದ್ದೇನೆ. ಸದ್ಯ, ಬಾಷಾ ನನ್ನ ಶಿಷ್ಯನಲ್ಲ.

ಮಾರನೆಯ ದಿನ ಅವನು ಹೇಳಿದಂತೆ ಹಾಕಿಕೊಂಡೆ. ಹೊರಡುವ ಮೊದಲೇ ಐದು ನಿಮಿಷ ಕೆಂಪು, ಊರು ದಾಟಿದ ಮೇಲೆ ಬಿಳಿ. ಪೂರಾ ದಾರಿ ಕೆಂಪಿನಲ್ಲೇ ಬಿಟ್ಟರೆ ಬೆವರು ಬಂದು, ಇಳಿದ ಮೇಲೆ ಆ ಬೆವರೇ ತಣ್ಣಗೆ ಕೊರೆಯುತ್ತದೆಂದು ಎರಡು ದಿನದಲ್ಲಿ ಕಲಿತೆ. ಎದೆ ಬೆಚ್ಚಗಾಯಿತು. ಬೆನ್ನೂ ಬೆಚ್ಚಗಾಯಿತು. ಬೆನ್ನು ಬೆಚ್ಚಗಾದಾಗ ನನಗೆ ಗುಡೇಕೋಟೆ ನೆನಪಾಯಿತು.

ನಾನು ಹುಟ್ಟಿ ಬೆಳೆದದ್ದು ಗುಡೇಕೋಟೆಯಲ್ಲಿ. ಊರ ಸುತ್ತ ಗುಡ್ಡ, ಗುಡ್ಡದ ತುಂಬ ಆನೆ ಗಾತ್ರದ ಬಂಡೆಗಳು. ಹಗಲೆಲ್ಲ ಬಿಸಿಲು ಕುಡಿದ ಬಂಡೆ ಸಂಜೆ ದೀಪ ಹಚ್ಚುವ ಹೊತ್ತಿಗೂ ಬೆಚ್ಚಗಿರುತ್ತಿತ್ತು. ಕುರಿ ಹೊಡೆದುಕೊಂಡು ಬಂದ ನಾವು ಹುಡುಗರು ಬಂಡೆಯ ಮೇಲೆ ಅಂಗಾತ ಬೀಳುತ್ತಿದ್ದೆವು. ಮೇಲಿನಿಂದ ಚಳಿ, ಕೆಳಗಿನಿಂದ ಶಾಖ. ಈಗ ಯೋಚಿಸಿದರೆ ಅದೂ ಚಾರ್ಜಾದ ಬಂಡೆಯೇ. ಅವ್ವ ಮನೆಯಂಗಳದಿಂದ ಕೂಗುವುದು ಅಲ್ಲಿಯವರೆಗೂ ಕೇಳುತ್ತಿತ್ತು. ಕೇಳಿದರೂ ಕೇಳದವನಂತೆ ಮಲಗಿರುತ್ತಿದ್ದೆ. ಮನೆಗೆ ಹೋದರೆ ಬೈದುಕೊಂಡೇ ತಲೆಗೆ ಕುಂಚಿಗೆ ಬಿಗಿದು ಒಲೆಯ ಮುಂದೆ ಕೂರಿಸುತ್ತಿದ್ದಳು. ಮದುವೆ ಎಂಬುದು ನನಗೆ ಆಗಲಿಲ್ಲ. ಯಾಕೆಂದು ಕೇಳಿದರೆ ನನಗೂ ಸರಿಯಾಗಿ ಹೇಳಲು ಬರುವುದಿಲ್ಲ. ಅವ್ವ ಹೋದ ಮೇಲೆ ನನ್ನ ಮೈಮೇಲಿನ ಬಟ್ಟೆಯನ್ನು ಸರಿಮಾಡಿದ ಕೈ ಎಂದರೆ ಚಾದಂಗಡಿ ಮುಂದೆ ಪೇಪರು ಹೊಂದಿಸುತ್ತಿದ್ದ ಕೊಟ್ರೇಶಪ್ಪನವರದೊಂದೇ.

ದಿನಾ ಬೆಳಿಗ್ಗೆ ಬಸ್ ಸ್ಟ್ಯಾಂಡ್ ಮುಂದೆ ಹಾದು ಹೋಗುವಾಗ ಅವರು ಮಂಕಿ ಕ್ಯಾಪ್ ಎಳೆದುಕೊಂಡು ಹೋಟೆಲಿನ ಬೋರ್ಡು ಓದುತ್ತಾ ನಿಂತಿರುತ್ತಿದ್ದರು. 'ಇಡ್ಲಿ ವಡಾ ರೆಡಿ' ಎಂಬ ಮೂರು ಪದವನ್ನು ಒಬ್ಬ ಕನ್ನಡ ಮೇಷ್ಟ್ರು ಅಷ್ಟು ಹೊತ್ತು ಓದಬೇಕಾಗಿಲ್ಲ. ನಾನೂ ಸ್ಪೀಡೋಮೀಟರ್ ನೋಡುತ್ತಾ ಹೋಗುತ್ತಿದ್ದೆ. ಅದು ಕೆಟ್ಟು ಯಾವ ಕಾಲವಾಯಿತೋ.

ಸಂಕ್ರಾಂತಿ ಕಳೆದ ವಾರ ಒಂದು ದಿನ ಬಸ್ಸು ಕೆಟ್ಟು ನಿಂತಿತು. ಸ್ಟ್ಯಾಂಡಿನಲ್ಲಿ ಆ ಮಾತು ಕೇಳಿಯೂ ಮುಂದೆ ಹೋದವನು ಮಂಡಕ್ಕಿ ಭಟ್ಟಿಯವರೆಗೂ ಹೋಗಿ ಗಾಡಿ ತಿರುಗಿಸಿದೆ. ತಂದು ಕೊಟ್ರೇಶಪ್ಪನವರ ಮುಂದೆ ನಿಲ್ಲಿಸಿದೆ.

"ಮೇಷ್ಟ್ರೇ, ಬಸ್ಸು ಬರಂಗಿಲ್ಲಂತ. ಕೂಡ್ರಿ."

"ಬ್ಯಾಡ ಬಿಡ್ರಿ ಸರ್. ಮತ್ತೊಂದು ಬರತೈತಿ."

"ಏಳಕ್ಕ ನಿಮ್ಮ ಪೀರಿಯಡ್ ಐತಿ. ಹುಡುಗ್ರು ಕಾಯ್ತಾವ."

ಹುಡುಗರ ಹೆಸರು ಹೇಳಿದ್ದಕ್ಕೆ ಹತ್ತಿದರು. ನಡುವೆ ಒಂದು ಗೇಣು ಜಾಗ ಬಿಟ್ಟು ಕುಳಿತು, ಸೀಟಿನ ಹಿಂದಿನ ಕಬ್ಬಿಣದ ಕಂಬಿ ಹಿಡಿದುಕೊಂಡರು. ಆ ಕಂಬಿ ಆ ಹೊತ್ತಿನಲ್ಲಿ ಮಂಜುಗಡ್ಡೆಯೇ. ಊರು ದಾಟಿ ಬಯಲಿಗೆ ಬಿದ್ದ ಮೇಲೆ ಸ್ವಲ್ಪ ಹೊತ್ತು ತಡೆದರು. ಆಮೇಲೆ ಹದಿನಾರು ವರ್ಷದ ರೂಢಿ ಗೆದ್ದಿತು; ಕೈಗಳು ತಾವಾಗಿಯೇ ಬಂದು ನನ್ನ ಜೇಬಿಗೆ ಇಳಿದವು. ಆ ಜೇಬಿನ ಬಟ್ಟೆ ತೆಳು, ಅದರ ಹಿಂದೆ ಸ್ವೆಟರು ಸವೆದ ಕಡೆ, ಅದರ ಹಿಂದೆಯೇ ಸೊಂಟದ ಶಾಖದ ಪಟ್ಟಿ. ಅವರು ಹತ್ತುವಾಗ ಗಡಿಬಿಡಿಯಲ್ಲಿ ನಾನು ಕೆಂಪು ಒತ್ತಿಬಿಟ್ಟಿದ್ದೆ.

"ಲೇ! ಲೇ ಸೈನ್ಸು! ನಿಲ್ಲಿಸಲೇ ಗಾಡಿ!"

ಹೆದರಿ ಬ್ರೇಕ್ ಹಾಕಿದೆ. ಕೊಟ್ರೇಶಪ್ಪ ಇಳಿದು ಓಡಿ ಮುಂದೆ ಬಂದರು. ಮತ್ತೆ ಜೇಬಿಗೆ ಕೈಯಿಟ್ಟು ನೋಡಿದರು.

"ಮೈ ಕೆಂಡ ಆಗೇತಲ್ಲೋ! ಇಂಥ ಜ್ವರದಾಗ ಗಾಡಿ ಹೊಡ್ಕೊಂಡು ಹೊಂಟೀಯೇನಲೇ? ರಜಾ ಹಾಕಾಕ ಏನು ದಾಡಿ? ಮನ್ಯಾಗ ಹೇಳೋರು ಕೇಳೋರು ಇಲ್ಲಂತ ಹಿಂಗ ಸಾಯ್ತಾರೇನು?"

ನನ್ನ ಹೆಲ್ಮೆಟ್ಟನ್ನು ಅವರೇ ಕಿತ್ತು ಹಣೆ ಮುಟ್ಟಿದರು. ಹಣೆ ತಣ್ಣಗಿತ್ತು. ಕುತ್ತಿಗೆ ಮುಟ್ಟಿದರು. ಅದೂ ತಣ್ಣಗಿತ್ತು.

"ಹಣಿ ತಣ್ಣಗ, ಹೊಟ್ಟಿ ಬಿಸಿ. ಇದೆಂಥ ಜ್ವರಲೇ?" ಎಂದರು.

ನಾನು ಜಿಪ್ ಇಳಿಸಿ, ಸ್ವೆಟರು ಎತ್ತಿ, ಎದೆಯ ಮೇಲೆ ಉರಿಯುತ್ತಿದ್ದ ಕೆಂಪು ದೀಪ ತೋರಿಸಿದೆ. ಕರೆಂಟ್ ಅಂಗಿಯ ಸುದ್ದಿ ಸ್ಟಾಫ್ ರೂಮಿನಲ್ಲೆಲ್ಲ ಹಬ್ಬಿತ್ತು; ನನ್ನ ಸುದ್ದಿ ಬಂದಲ್ಲೆಲ್ಲ ಎದ್ದು ಹೋಗುತ್ತಿದ್ದವರಿಗೆ ಮಾತ್ರ ಅದು ಮುಟ್ಟಿರಲಿಲ್ಲ. ಅವರು ದೀಪವನ್ನು ನೋಡಿದರು, ನನ್ನನ್ನು ನೋಡಿದರು.

"ಯಾವಾಗ ತಗೊಂಡಿ ಇದನ್ನ?"

"ನೀವು ಇಳದು ಹೋದ ಮ್ಯಾಲೆ."

ನನ್ನ ಸ್ವೆಟರು ಇಳಿಸಿ ಜಿಪ್ಪನ್ನು ಅವರೇ ಏರಿಸಿದರು. "ಮೇಷ್ಟ್ರೇ, ಅವತ್ತು ನಾನು ಹಂಗ ಅನ್ನಬಾರದಿತ್ತು" ಎಂದೆ. "ಸುಮ್ಮನಿರಲೇ, ಹೊತ್ತಾತು, ನಡಿ" ಎಂದು ಹತ್ತಿ ಕುಳಿತರು. ಈ ಸಲ ಗೇಣು ಜಾಗ ಬಿಡಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಧೈರ್ಯ ಮಾಡಿ ಕೇಳಿದೆ: "ಆ ಎಮ್ಮಿ ಕೊನಿಗೆ ಏನಾತ್ರೀ?"

"ಯಾವ ಎಮ್ಮಿ?"

"ನಿಮ್ಮಪ್ಪಾರು ಸಂತಿಗೆ ಹೊಡ್ಕೊಂಡು ಹೋದದ್ದು. ನನಗ ಒಂದ್ಸಲಾನೂ ಪೂರಾ ಕೇಳಿಲ್ಲ."

"ಮತ್ತ ನಗತಿದ್ದಿಯಲ್ಲಲೇ?"

"ಕೇಳಲಾರದ ನಕ್ಕೆ."

ನನ್ನ ಕಿವಿಯ ಹತ್ತಿರ ಬಾಗಿ ಹೇಳಿದರು. "ಎಮ್ಮಿ ಮಾರಿ ನಮ್ಮಪ್ಪ ಸಂತ್ಯಾಗ ಅತ್ತದ್ದು ಹೇಳಿದಾಗೆಲ್ಲ ನೀನು ನಗತಿದ್ದಿ. ಹುಡುಗ ಅದಾನ, ಬಿಡು ಅಂತಿದ್ದೆ."

ನಾನು ಗಾಡಿಯ ವೇಗವನ್ನು ಪೂರ್ತಿ ಇಳಿಸಿದೆ, ಸೈಕಲ್ಲಿನವನೊಬ್ಬ ಜೊತೆಜೊತೆಗೇ ಬರುವಷ್ಟು. ಗಾಳಿಯ ಸದ್ದು ಅಡಗಿತು. ಗಾಳಿ ಅಡಗಿದ್ದೇ ಚಳಿಯೂ ಅಡಗಿತು. ನಿಧಾನಕ್ಕೆ ಹೋದರೆ ಚಳಿ ಕಡಿಮೆ, ಮಾತೂ ಕೇಳುತ್ತದೆ ಎಂದು ತಿಳಿಯಲು ಹದಿನಾರು ವರ್ಷ ಮತ್ತು ಒಂದು ಕರೆಂಟ್ ಅಂಗಿ ಬೇಕಾಯಿತು.

ಕತೆ ಪೂರಾ ಕೇಳಿದೆ. ಎಮ್ಮೆ ಮಾರಿ ಅವರಪ್ಪ ಅಳುತ್ತಾ ನಡೆದು ಊರಿಗೆ ಬಂದರೆ, ಕೊಂಡವನ ಕೈಯಿಂದ ಹಗ್ಗ ಹರಿದುಕೊಂಡು ಎಮ್ಮೆ ಅಡ್ಡದಾರಿಯಲ್ಲಿ ಅವರಿಗಿಂತ ಮೊದಲೇ ಮನೆಯಂಗಳಕ್ಕೆ ಬಂದು ನಿಂತಿತ್ತು. ಕೊಟ್ಟ ಮಾತು ತಪ್ಪಬಾರದೆಂದು ಮರುದಿನ ಒಪ್ಪಿಸಿ ಬಂದರು. ಅದು ಮತ್ತೆ ಬಂತು. ಮೂರನೆಯ ಸಲ ಕೊಂಡವನೇ ಅದರ ಹಿಂದೆ ಬಂದು, "ಇದು ನಿಮ್ಮನಿ ಬಿಟ್ಟು ಇರಂಗಿಲ್ಲ, ನೀವೇ ಇಟ್ಕೊಳ್ರಿ" ಎಂದನಂತೆ.

"ಎಮ್ಮಿಗೆ ನಾಚಿಕಿ ಇರಲಿಲ್ಲ ನೋಡು, ಬಂತು. ನಮಗಿತ್ತು" ಎಂದರು ಕೊಟ್ರೇಶಪ್ಪ.

ಅಂದು ಸ್ಪೆಷಲ್ ಕ್ಲಾಸಿಗೆ ಇಬ್ಬರೂ ಕಾಲು ಗಂಟೆ ತಡ. ಆಮೇಲೆ ಉಳಿದದ್ದು ಒಂಬತ್ತೇ ದಿನ. ಪೇಪರು ಮತ್ತೆ ಎದೆಗೆ ಬಂತು. ಕರೆಂಟ್ ಅಂಗಿಯ ಮೇಲೆ ಅದರ ಅಗತ್ಯವಿಲ್ಲ ಎಂದರೆ, "ನಿನಗ ಬ್ಯಾಡ, ಸುದ್ದಿಗೆ ಬೇಕು" ಎಂದರು. ಹದಿನಾರು ವರ್ಷದ ಕತೆಗಳನ್ನು ಒಂಬತ್ತು ದಿನದಲ್ಲಿ ಮೊದಲಿಂದ ಹೇಳಲು ನೋಡಿದರು. ಆಗಲಿಲ್ಲ. ನಿವೃತ್ತಿಯಾಗಿ ಹರಪನಹಳ್ಳಿಯ ಮಗಳ ಮನೆಗೆ ಹೋದರು. ವಾರಕ್ಕೊಮ್ಮೆ ಫೋನು ಮಾಡುತ್ತಾರೆ. ಫೋನಿನಲ್ಲಿ ಪ್ರತಿ ಮಾತೂ ಸ್ಪಷ್ಟವಾಗಿ ಕೇಳುತ್ತದೆ. ಆದರೆ ಫೋನಿನಲ್ಲಿ ಅವರು ಕತೆ ಹೇಳುವುದಿಲ್ಲ, ಆರಾಮೇನು, ಊಟ ಆತೇನು ಎಂದು ಕೇಳಿ, "ಆತಪ್ಪ, ಫೋನ್ ಇಡ್ಲಾ?" ಎನ್ನುತ್ತಾರೆ.

ಈಗ ಮತ್ತೆ ಡಿಸೆಂಬರು. ಬೆಳಿಗ್ಗೆ ಕಾಲು ಗಂಟೆ ಮೊದಲೇ ಮನೆ ಬಿಡುತ್ತೇನೆ, ಗಾಡಿಯನ್ನು ನಿಧಾನವಾಗಿಯೇ ಬಿಡುತ್ತೇನೆ. ಆ ವೇಗಕ್ಕೆ ಹೇಳಿಕೊಳ್ಳುವಂಥ ಚಳಿಯಿಲ್ಲ, ಕರೆಂಟ್ ಅಂಗಿ ಬೇಕಾಗಿಯೂ ಇಲ್ಲ. ಆದರೂ ಹಾಕಿಕೊಂಡು, ಬಸ್ ಸ್ಟ್ಯಾಂಡ್ ಹತ್ತಿರ ಬಂದಾಗ ಕೆಂಪು ಒತ್ತುತ್ತೇನೆ. ಇಟ್ಟಿಗಿ ಮುಟ್ಟುವವರೆಗೂ ಎರಡೂ ಜೇಬು ಬೆಚ್ಚಗಿರುತ್ತವೆ.